ಬೇಲಂ ಗುಹೆಗೆ ಹೊರಡುವ ಮುಂಚೆ ಇಷ್ಟು ತಿಳ್ಕೊಳ್ಳಿ

ಆಂಧ್ರದ ಬೇಲಂ ಗುಹೆಗೆ ಹೋಗೋಕೆ ತಾಡಿಪತ್ರಿಯಲ್ಲಿ ಆಟೋ ಹತ್ತುವ ಮುಂಚೆ ವೇಟಿಂಗ್ ಚಾರ್ಜ್ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ನಾವು ಹೋಗಿ ಬರೋದಕ್ಕೆ ಸೇರಿಸಿಯೇ ರೇಟು ಮಾತಾಡಿದ್ದೆವು. ಗುಹೆಯಿಂದ ಹೊರಗೆ ಬಂದರೆ ಆತ ಇನ್ನೂ ಅರ್ಧದಷ್ಟು ಕೊಡಿ, ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೊಳ್ಳಿ ಅಂದುಬಿಟ್ಟ. ಬೆವರಲ್ಲಿ ತೊಯ್ದು ಹೋಗಿದ್ದ ಅಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಜಗಳ ಆಡೋಕೆ ಆಗುತ್ತಾ? ಕೊಟ್ಟೆವು. ದೂರ ಸುಮಾರು 30 ಕಿಲೋಮೀಟರ್ ಅಷ್ಟೇ. ಗುಹೆ ಹತ್ತಿರದ ಊರು ಕೊಲಿಮಿಗುಂಡ್ಲ ಕಡೆಗೆ ಬಸ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಗುಹೆಯೊಳಗೆ ತಂಪಿಲ್ಲ, ಸೆಕೆ. ಅಲ್ಲಲ್ಲಿ ಯಂತ್ರದಿಂದ ಗಾಳಿ ಬಿಡುತ್ತಾರೆ, ಆದರೂ ಅಂಗಿ ಮೈಗೆ ಅಂಟುತ್ತೆ. ಒಟ್ಟು 3,229 ಮೀಟರ್ ಉದ್ದದಲ್ಲಿ ನಮಗೆ ತೆರೆದಿರೋದು ಸುಮಾರು ಒಂದೂವರೆ ಕಿಲೋಮೀಟರ್. ಕೆಲವು ಕಡೆ ಬಗ್ಗಿ ನಡೀಬೇಕು. ಪಾತಾಳಗಂಗೆ ಅನ್ನೋ ಜಾಗ ನೆಲದಿಂದ 46 ಮೀಟರ್ ಕೆಳಗೆ, ಮಂಡಿನೋವಿದ್ದವರಿಗೆ ಬೇಡ. ಉಸಿರಾಟದ ತೊಂದರೆ ಇದ್ದವರಂತೂ ಜನ ತುಂಬುವ ಭಾನುವಾರ ಹೋಗಲೇಬೇಡಿ.

ಗೈಡ್ ಇದು ಲಿಂಗ, ಇದು ಹೆಡೆ ಅಂತ ತೋರಿಸಿ ಮುಂದೆ ಓಡ್ತಾರೆ. ನೀವು ನಿಂತು ಗೋಡೆ ನೋಡಿ. ಬೆಂಗಳೂರಿನ ಅಡುಗೆಮನೆಗೆ ಹಾಕುವ ಕಡಪ ಕಲ್ಲು ಇದೆಯಲ್ಲ, ಅದೂ ಇಂಥದೇ ಕಪ್ಪು ಸುಣ್ಣದ ಕಲ್ಲು, ಈ ಸೀಮೆಯದೇ. ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಮಳೆನೀರು ಸ್ವಲ್ಪ ಹುಳಿಯಾಗುತ್ತೆ, ಬಿರುಕಿನೊಳಗೆ ಇಳಿದು ಕಲ್ಲನ್ನು ಕರಗಿಸುತ್ತೆ, ಆಮೇಲೆ ನೆಲದಡಿ ಹರಿಯುವ ನೀರು ಆ ಬಿರುಕನ್ನೇ ಕೊರೆದು ಕೊರೆದು ದಾರಿ ಮಾಡುತ್ತೆ. ಗೋಡೆ ನುಣುಪಾಗಿರೋದು ಅದಕ್ಕೇ.

‘ವೇಯಿ ಪಡಗಲು’ (ಸಾವಿರ ಹೆಡೆ) ಅನ್ನೋ ಜಾಗದ ಹತ್ತಿರ ಇದರ ಉಲ್ಟಾ ಕೆಲಸ ಕಾಣುತ್ತೆ. ಚಾವಣಿಯಿಂದ ತೊಟ್ಟಿಕ್ಕುವ ಹನಿಯಿಂದ ಆ ಅನಿಲ ಹೊರಗೆ ಹೋಗುತ್ತಿದ್ದ ಹಾಗೆ, ಕರಗಿದ್ದ ಸುಣ್ಣ ಹನಿಯ ಸುತ್ತ ಉಂಗುರದ ಥರ ಕೂರುತ್ತೆ. ಉಂಗುರದ ಮೇಲೆ ಉಂಗುರ ಬೆಳೆದು ಕೊಳವೆ, ಕೊಳವೆ ಮುಚ್ಚಿಕೊಂಡು ದಪ್ಪ ಕೊಂಬು. ಬೆಳೆಯೋದು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿಗೂ ಕಮ್ಮಿ. ಕೈಯ ಜಿಡ್ಡು ತಾಗಿದ ಕಡೆ ಹೊಸ ಸುಣ್ಣ ಸರಿಯಾಗಿ ಕೂರೋದಿಲ್ಲ. ಹಾಗಿದ್ದೂ ಸಪ್ತಸ್ವರದ ಗುಹೆಯಲ್ಲಿ ನಾದ ಕೇಳಬೇಕು ಅಂತ ಎಲ್ಲರೂ ಕುಟ್ಟುತ್ತಿದ್ದರು, ಹೊಟ್ಟೆ ಉರಿಯಿತು. ದಯವಿಟ್ಟು ಕುಟ್ಟಬೇಡಿ, ಮಕ್ಕಳ ಕೈಯಲ್ಲೂ ಕುಟ್ಟಿಸಬೇಡಿ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯನ್ನು ಗುರುತಿಸಿದ್ದರು, ಪ್ರವಾಸಿಗರಿಗೆ ತೆರೆದಿದ್ದು 2002ರಲ್ಲಿ. ಇಷ್ಟರಲ್ಲೇ ಎಷ್ಟು ಕಡೆ ಸವೆದಿದೆ ನೋಡಿ.

ಊಟಕ್ಕೆ ಗುಹೆ ಹತ್ತಿರ ಕಾಯಬೇಡಿ. ತಾಡಿಪತ್ರಿಯ ಒಂದು ಸಣ್ಣ ತಗಡಿನ ಹೋಟೆಲಲ್ಲಿ ಬೆಳಿಗ್ಗೆ ಉಗ್ಗಾಣಿ ತಿಂದೆವು. ಬಳ್ಳಾರಿ, ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ, ನಮ್ಮ ಮಂಡಕ್ಕಿ ಒಗ್ಗರಣೆಯೇ. ಆದರೆ ಆಯಮ್ಮ ಮಂಡಕ್ಕಿ ನೆನೆಸಿ ಹಿಂಡುವ ಹದ ನೋಡಬೇಕಿತ್ತು, ಒಂದೂ ಮುದ್ದೆಯಾಗಿರಲಿಲ್ಲ. ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿ ಬಜ್ಜಿ. ಕೇಳದೇ ಎರಡನೇ ಸಲ ಬಡಿಸಿ, ಅದಕ್ಕೆ ದುಡ್ಡು ಬೇಡ ಅಂದರು. ರಾತ್ರಿ ತಂಗಿದ್ದ ಲಾಡ್ಜಿನ ಕಾಫಿ ದುಡ್ಡಿನಲ್ಲಿ ನಾವು ಮೂವರೂ ಹೊಟ್ಟೆ ತುಂಬಾ ತಿಂದೆವು. ಒಂಬತ್ತರೊಳಗೆ ಹೋಗಿ, ಆಮೇಲೆ ಬಜ್ಜಿ ಉಳಿಯಲ್ಲ.