ಇನ್‌ಚಾರ್ಜ್ ಆಗುವ ಮೊದಲೇ ರೂಢಿಯಾಗಬೇಕಾದದ್ದು

ನರ್ಸ್‌ಗೆ ಸೀನಿಯಾರಿಟಿ ಬಂದರೆ ವಾರ್ಡಿನ ಇನ್‌ಚಾರ್ಜ್ ಹುದ್ದೆ ಸಿಗುತ್ತದೆ. ವಾರ್ಡು ನಡೆಸುವ ಕೌಶಲ ಆದೇಶಪತ್ರದ ಜೊತೆ ಬರುವುದಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಇರಲಿ, ರೋಣದ ತಾಲ್ಲೂಕು ಆಸ್ಪತ್ರೆ ಇರಲಿ, ಅದನ್ನು ಕಲಿಯಲು ದಿನಾ ಸಿಗುವ ಅವಕಾಶ ಡ್ಯೂಟಿ ಬದಲಾಗುವ ಹೊತ್ತು.

ಕೂತಲ್ಲೇ ರಿಜಿಸ್ಟರ್ ಓದಿ ಹ್ಯಾಂಡೋವರ್ (ಮುಂದಿನ ಶಿಫ್ಟಿಗೆ ರೋಗಿಗಳನ್ನು ಒಪ್ಪಿಸುವುದು) ಮುಗಿಸುವುದು ತಪ್ಪು. 'ಐವಿ ಚಾಲೂ ಇದೆ' ಎಂದು ಬರೆದಿರುತ್ತದೆ, ಹೋಗಿ ನೋಡಿದರೆ ಅದು ರಕ್ತನಾಳದಿಂದ ಔಟ್ ಆಗಿ ಕೈ ಊದಿರುತ್ತದೆ. ಬಂದವರು, ಹೊರಟವರು ಇಬ್ಬರೂ ಪ್ರತಿ ಬೆಡ್ಡಿಗೆ ಹೋಗಿ ಕ್ಯಾನುಲಾ (ಐವಿಗೆ ಹಾಕಿದ ನಳಿಕೆ), ಡ್ರೇನ್ (ಗಾಯದ ದ್ರವ ಹೊರತೆಗೆಯುವ ನಳಿಕೆ), ಯೂರಿನ್ ಬ್ಯಾಗ್ ನೋಡಿಯೇ ಒಪ್ಪಿಸಿಕೊಳ್ಳಬೇಕು.

ರಾತ್ರಿ ಡಾಕ್ಟರಿಗೆ ಫೋನ್ ಮಾಡುವುದನ್ನೂ ಕಲಿಸಬೇಕು. "ಸರ್, ಪೇಷಂಟ್ ಯಾಕೋ ಬರೋಬರಿ ಇಲ್ರಿ" ಎಂದರೆ "ನೋಡ್ತಿರ್ರಿ" ಅನ್ನುವ ಉತ್ತರವೇ ಬರುತ್ತದೆ. "ನಿನ್ನೆ ಆಪರೇಷನ್ ಆಗೇತ್ರಿ, ತೂಕ 60 ಕೆಜಿ, ಬಿಪಿ 90/60, ಪಲ್ಸ್ 120, 4 ತಾಸಿನಾಗ ಯೂರಿನ್ ಬರೇ 40 ಎಂಎಲ್. ನೀವು ಈಗ ಬಂದು ನೋಡ್ಬೇಕ್ರಿ" ಎನ್ನಬೇಕು. ಕೆಜಿಗೆ ತಾಸಿಗೆ 0.5 ಎಂಎಲ್ ಹಿಡಿದರೂ ಯೂರಿನ್ 120 ಎಂಎಲ್ ಇರಬೇಕಿತ್ತು. ಜೂನಿಯರ್‌ಗಳು ನುಂಗಿಬಿಡುವುದು 'ಬಂದು ನೋಡ್ಬೇಕ್ರಿ' ಎಂಬ ಕೊನೆಯ ವಾಕ್ಯವನ್ನೇ. ಇನ್‌ಚಾರ್ಜ್ ತಾನೇ ಫೋನ್ ಕಸಿದುಕೊಳ್ಳದೆ ಪಕ್ಕದಲ್ಲಿ ನಿಂತು ಅವರಿಂದಲೇ ಹೇಳಿಸಲಿ. ಫೋನಿನಲ್ಲಿ ಹೇಳಿದ ಡೋಸ್ ಬರೆದುಕೊಂಡು ತಿರುಗಿ ಓದಿ ಹೇಳಬೇಕು. ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳುತ್ತವೆ.

ನಾಯಕತ್ವದ ನಿಜವಾದ ಪರೀಕ್ಷೆ ಹೊಲಕ್ಕೆ ಎಣ್ಣಿ (ಕೀಟನಾಶಕ) ಹೊಡೆಯುವ ಕಾಲದಲ್ಲಿ ಬರುವ, ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ವಿಷದ ಕೇಸು. ಇದಕ್ಕೆ ಕೊಡುವ ಔಷಧ ಆಟ್ರೋಪಿನ್ ಸಾಮಾನ್ಯವಾಗಿ 1.8ರಿಂದ 3 ಮಿಗ್ರಾಂನಿಂದ ಶುರುವಾಗಿ, ಗುಣ ಕಾಣದಿದ್ದರೆ 5 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ನಮ್ಮಲ್ಲಿ ಸಿಗುವ ಸಾಮಾನ್ಯ ಆಂಪ್ಯೂಲ್ (ಇಂಜೆಕ್ಷನ್ನಿನ ಪುಟ್ಟ ಸೀಸೆ) 0.6 ಮಿಗ್ರಾಂ. ಅಂದರೆ 3, 6, 12, 24 ಮಿಗ್ರಾಂ: ಕಾಲು ತಾಸಿನಲ್ಲಿ 75 ಆಂಪ್ಯೂಲ್! ಎಮರ್ಜೆನ್ಸಿ ಟ್ರಾಲಿಯಲ್ಲಿ ಹತ್ತಿಟ್ಟುಕೊಂಡು ಕೂತರೆ ಎರಡನೇ ಡೋಸಿಗೇ ಫಾರ್ಮಸಿಗೆ ಓಡಬೇಕು. ಆದ್ದರಿಂದ ಆಂಪ್ಯೂಲ್‌ಗಳ ಎಣಿಕೆ ಪ್ರತಿ ಶಿಫ್ಟಿನಲ್ಲೂ ಆಗಲಿ.

ಕೇಸು ಬಂದಾಗ ಹೆಸರು ಹಿಡಿದು ಕೆಲಸ ಹಂಚಿ. ಒಬ್ಬರು ಸಕ್ಷನ್ (ಬಾಯಿ, ಗಂಟಲಿನ ದ್ರವ ಎಳೆಯುವುದು), ಆಕ್ಸಿಜನ್. ಒಬ್ಬರು ಔಷಧ ಎಳೆದು ಸಮಯ ಬರೆಯುವುದು. ಗ್ಲೌಸ್ ಹಾಕಿ ಬಟ್ಟೆ ಬಿಚ್ಚಿ ಮೈ ತೊಳೆಯಲು ಇನ್ನೊಬ್ಬರು. "ಯಾರಾದ್ರೂ ಸಕ್ಷನ್ ತರ್ರಿ" ಎಂದು ಕೂಗಿದರೆ ಯಾರೂ ತರುವುದಿಲ್ಲ, ಇಲ್ಲವೇ ಮೂವರೂ ಓಡುತ್ತಾರೆ. ಇನ್‌ಚಾರ್ಜ್ ಕೈಯಲ್ಲಿ ಸಿರಿಂಜ್ ಇರಬಾರದು. ಸಿರಿಂಜ್ ಹಿಡಿದರೆ ಗಡಿಯಾರ ನೋಡುವವರಿಲ್ಲ. ಕಣ್ಣಿನ ಪಾಪೆಯೊಂದನ್ನೇ ನಂಬದೆ ಎದೆಯ ಗರಗರ ನಿಂತಿದೆಯೇ, ಪಲ್ಸ್ ಮತ್ತು ಮೇಲಿನ ಬಿಪಿ 80 ದಾಟಿವೆಯೇ ಎಂದು ವರದಿ ಮಾಡಿಸಬೇಕು. ಜ್ವರ, ಬಡಬಡಿಕೆ, ಕರುಳಿನ ಸದ್ದು ನಿಲ್ಲುವುದು ಕಂಡರೆ ಆಟ್ರೋಪಿನ್ ಅತಿಯಾಗಿದೆ ಎಂದು ಶಂಕಿಸಿ ತಕ್ಷಣ ಡಾಕ್ಟರಿಗೆ ತಿಳಿಸಬೇಕು.

ಇದೆಲ್ಲ ರೋಸ್ಟರ್ ಸರಿ ಇದ್ದರೆ ಮಾತ್ರ. ಹೊಸಬರಿಬ್ಬರನ್ನೇ ನೈಟ್‌ಗೆ ಹಾಕಬೇಡಿ. ರಜೆ ಕೇಳಿಕೆಗಳನ್ನು ಒಂದೇ ಪುಸ್ತಕದಲ್ಲಿ ಬರೆಸಿ, ಹಬ್ಬದ ನೈಟ್ ಸರದಿಯಂತೆ ಎಲ್ಲರಿಗೂ ಬರಲಿ, ಇನ್‌ಚಾರ್ಜ್‌ನ ಗೆಳತಿಗೂ.