ಚೋಲ್ ಗಿಟಾರು

ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಅಡಿಕೆಗೆ ಹೊಸತು, ಚೋಲ್, ಡಬಲ್ ಚೋಲ್ ಅಂತ ಲೆಕ್ಕ ಉಂಟಲ್ಲ, ಹಳತಾದಷ್ಟು ರೇಟು ಜಾಸ್ತಿ. ಗಿಟಾರಿಗೂ ಅದೇ ಕಥೆ ಮಾರಾಯ್ರೆ. ಕಳೆದ ಮೇ ತಿಂಗಳಲ್ಲಿ ವಾಟ್ಸಾಪಲ್ಲಿ ಒಂದು ಫೋಟೋ ಬಂತು, ಬೇಳದ ಹತ್ರ ಒಂದು ಮನೆಯಲ್ಲಿ ಹಳೆ ಎಲೆಕ್ಟ್ರಿಕ್ ಗಿಟಾರ್ ಕೊಡ್ಲಿಕ್ಕುಂಟು, 1976ರ ಜಪಾನ್ ಮಾಲು, ಲಾಸೂಟ್ (ಅಂದ್ರೆ ಕೋರ್ಟು ಕೇಸಿನ) ಮಾಡೆಲ್, ಫುಲ್ ಒರಿಜಿನಲ್, 40,000 ರೂಪಾಯಿ. ಅಪ್ಪ ಗಲ್ಫಿಂದ ತಂದದ್ದು, ಈಗ ಬಾರಿಸುವವರು ಯಾರೂ ಇಲ್ಲ, ಮಗ ಮಾರ್ತಿದ್ದಾನೆ.

ಫೋಟೋ ಮಸುಕು ಮಸುಕು. ಆದ್ರೂ ದೊಡ್ಡದು ಮಾಡಿ ನೋಡಿದ್ರೆ ಗಿಟಾರಿನ ತಲೆ, ಅಂದ್ರೆ ಹೆಡ್‌ಸ್ಟಾಕಲ್ಲಿ ಇಬಾನೆಜ್ ಅಂತ ಜಪಾನ್ ಬ್ರಾಂಡಿನ ಹೆಸರು, ಅದರ ಕೆಳಗೆ ರೋಡ್‌ಸ್ಟಾರ್ ಟು ಅಂತ ಕಾಣ್ತಿತ್ತು, ಅಲ್ಲಿಗೇ ನಂಗೆ ಸಂಶಯ ಬಂತು ಯಾಕಂದ್ರೆ ಆ ಹೆಸರು ಬಂದದ್ದೇ ಎಂಬತ್ತರ ದಶಕದಲ್ಲಿ, 76ರಲ್ಲಿ ಅದು ಇರ್ಲಿಕ್ಕೇ ಸಾಧ್ಯ ಇಲ್ಲ. ಹಿಂದೆ ನೆಕ್ಕನ್ನು (ಗಿಟಾರಿನ ಉದ್ದ ಕುತ್ತಿಗೆ) ಬಾಡಿಗೆ ಬಿಗಿಯುವ ನೆಕ್ ಪ್ಲೇಟಿನ ಫೋಟೋ ಕಳಿಸು ಅಂತ ಹೇಳಿದೆ. ಕಳಿಸಿದ. ಎಚ್ ಅಕ್ಷರ, ಆಮೇಲೆ 83, ಆಮೇಲೆ ನಾಲ್ಕು ಅಂಕೆ.

ಇಬಾನೆಜಿನವರ ಆ ಕಾಲದ ಜಪಾನ್ ಸೀರಿಯಲ್ ನಂಬರ್ ಓದ್ಲಿಕ್ಕೆ ಬಹಳ ಸುಲಭ. ಮೊದಲ ಅಕ್ಷರ ತಿಂಗಳು, ಎ ಅಂದ್ರೆ ಜನವರಿ, ಹಾಗೇ ಎಣಿಸ್ತಾ ಹೋಗಿ ಎಲ್ ಅಂದ್ರೆ ಡಿಸೆಂಬರ್, ಮತ್ತಿನ ಎರಡು ಅಂಕೆ ವರ್ಷ. 1975ರ ಕೊನೆಯಿಂದ ಎಂಬತ್ತರ ದಶಕದ ಮಧ್ಯದವರೆಗೆ ಹೀಗೇ ನಡೆದದ್ದು. ಅಂದ್ರೆ ಇದು 1983 ಆಗಸ್ಟಿನ ಗಿಟಾರು. ಆದ್ರೆ ಒಂದು ಮಾತು, ಆ ಪ್ಲೇಟು ನಿಂತದ್ದು ನಾಲ್ಕೇ ಸ್ಕ್ರೂ ಮೇಲೆ. ಯಾರು ಬೇಕಾದ್ರೂ ಬೇರೆ ಗಿಟಾರಿಂದ ತೆಗೆದು ಇದಕ್ಕೆ ಕೂರಿಸಬಹುದು. ಹಾಗಾಗಿ ನಂಬರ್ ಸರಿ ಉಂಟು ಅಂದ ಮಾತ್ರಕ್ಕೆ ದುಡ್ಡು ಎಣಿಸ್ಲಿಕ್ಕಿಲ್ಲ.

ಮತ್ತೆ ಈ ಲಾಸೂಟ್ ಅನ್ನುವ ಮಂತ್ರ. 1977ರಲ್ಲಿ ಅಮೆರಿಕಾದ ಗಿಟಾರ್ ಕಂಪೆನಿ ಗಿಬ್ಸನ್ನಿನ ಮಾಲೀಕ ಕಂಪೆನಿ ನಾರ್ಲಿನ್, ಅಮೆರಿಕಾದಲ್ಲಿ ಇಬಾನೆಜ್ ಮಾರ್ತಿದ್ದ ಎಲ್ಗರ್ ಕಂಪೆನಿ ಮೇಲೆ ಕೇಸು ಹಾಕಿದ್ದು, ಅದೂ ಹೆಡ್‌ಸ್ಟಾಕಿನ ಆಕಾರ ಕಾಪಿ ಮಾಡಿದ್ದಾರೆ ಅಂತ, ಮರುವರ್ಷ ರಾಜಿಯಲ್ಲಿ ಮುಗೀತು. ಇದು ಗಿಬ್ಸನ್ನಿನದ್ದಲ್ಲ, ಫೆಂಡರ್ ಕಂಪೆನಿಯ ಸ್ಟ್ರಾಟೋಕಾಸ್ಟರ್ ಆಕಾರದ, 83ರ ಗಿಟಾರು, ಇದಕ್ಕೂ ಆ ಕೇಸಿಗೂ ಎಂತ ಸಂಬಂಧ? ಜಪಾನಿನ ಯಾವ ಹಳೆ ಗಿಟಾರ್ ಮಾರುವಾಗ್ಲೂ ಲಾಸೂಟ್ ಅಂತ ಸೇರಿಸಿದ್ರೆ ಒಂದು ಐದು ಸಾವಿರ ಜಾಸ್ತಿ ಕೇಳಬಹುದು, ಅಷ್ಟೇ.

ಆ ಕಾಲದ ಇಬಾನೆಜ್ ಕ್ಯಾಟಲಾಗುಗಳ ಸ್ಕ್ಯಾನು ನೆಟ್ಟಲ್ಲಿ ಸಿಗ್ತದೆ, ರಾತ್ರಿ ಕೂತು ನೋಡಿ ಪಿಕಪ್ (ಸ್ಟ್ರಿಂಗಿನ ಅದುರನ್ನು ಕರೆಂಟು ಮಾಡುವ ಮ್ಯಾಗ್ನೆಟ್ ಕಾಯಿಲ್) ಎಷ್ಟು, ಸ್ವಿಚ್ ಯಾವುದು, ಬ್ರಿಡ್ಜ್ (ಬಾಡಿಯ ಮೇಲೆ ಸ್ಟ್ರಿಂಗ್ ಕೂರುವ ಜಾಗ) ಹೇಗೆ, ಟ್ಯೂನಿಂಗ್ ಕೀ ಯಾವ ತರದ್ದು ಅಂತ ಪುಸ್ತಕದಲ್ಲಿ ಬರ್ಕೊಂಡೆ. ಆದಿತ್ಯವಾರ ಬೆಳಿಗ್ಗೆ ಚೀಲಕ್ಕೆ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸ್ಟೀಲ್ ಸ್ಕೇಲು, ಗಿಟಾರ್ ಕೇಬಲು, ಸಣ್ಣ ಆಂಪು ಎಲ್ಲ ತುಂಬಿಸ್ತಾ ಇದ್ದೆ, ಅಪ್ಪ ಜಗಲಿಯಿಂದ ನೋಡಿ ಯಾರ ಮನೆ ಪಂಪು ಹಾಳಾದ್ದು ಅಂತ ಕೇಳಿದ್ರು.

ನೀರ್ಚಾಲು ದಾಟಿ ಬೇಳ ಇಗರ್ಜಿಯಿಂದ ಸ್ವಲ್ಪ ಒಳಗೆ ಮನೆ. ಮಗ ಬಹಳ ಮರ್ಯಾದಸ್ಥ ಹುಡುಗ, ಜ್ಯೂಸ್ ಎಲ್ಲ ಕೊಟ್ಟ. ಅವನ ಅಪ್ಪ ಒಳಗೆ ಟಿವಿ ನೋಡ್ತಾ ಇದ್ರು, ನಮ್ಮ ಹತ್ರ ಬರ್ಲಿಲ್ಲ.

ಮೊದಲು ನೆಕ್ ನೋಡಿದೆ. ನಮ್ಮ ಕಡೆ ಮಳೆಗಾಲ ಅಂದ್ರೆ ಚಪ್ಪಲಿಗೂ ಬೂಸ್ಟು ಬರುವ ಹವೆ, ಮರದ ನೆಕ್ ನಲ್ವತ್ತು ವರ್ಷ ಅದನ್ನು ಕುಡಿದಿರ್ತದೆ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬ್ರಿಡ್ಜಿನ ಕಡೆಯಿಂದ ಹೆಡ್‌ಸ್ಟಾಕಿನ ಕಡೆಗೆ ನೋಡಿದ್ರೆ ತಿರುಚಿದ್ದು ಗೊತ್ತಾಗ್ತದೆ. ಬಾಗು ಎಷ್ಟು ಅಂತ ನೋಡ್ಲಿಕ್ಕೆ ದಪ್ಪ ಸ್ಟ್ರಿಂಗನ್ನು ಒಂದನೇ ಫ್ರೆಟ್ಟಲ್ಲೂ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ನೆಕ್ ಬಾಡಿಗೆ ಸೇರುವಲ್ಲೂ ಒತ್ತಿ ಹಿಡೀಬೇಕು, ಏಳನೇ ಎಂಟನೇ ಫ್ರೆಟ್ ಹತ್ರ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ರೆ ಸಾಕು. ಇಲ್ಲಿ ಎರಡು ಕಾರ್ಡಿನಷ್ಟಿತ್ತು. ನೆಕ್ಕಿನ ಒಳಗೆ ಬಾಗು ಸರಿ ಮಾಡ್ಲಿಕ್ಕೆ ಇರುವ ಸರಳು, ಟ್ರಸ್ ರಾಡ್, ಅದರ ನಟ್ಟನ್ನು ಅವನ ಒಪ್ಪಿಗೆ ಕೇಳಿ ಒಂದು ಸ್ವಲ್ಪ ತಿರುಗಿಸಿದೆ, ತಿರುಗ್ತದೆ, ಸಂದೂ ಕಡಿಮೆ ಆಯ್ತು. ಅದು ತಿರುಗದೇ ಇದ್ರೆ ನಾನು ಜ್ಯೂಸ್ ಕುಡಿದು ಮನೆಗೆ ಹೋಗ್ತಿದ್ದೆ.

ಸ್ಕೇಲ್ ಹಿಡಿದು ನೆಕ್ಕಿನ ತಲೆಯ ಬುಡದಲ್ಲಿ ಸ್ಟ್ರಿಂಗ್ ಕೂರುವ ಪಟ್ಟಿಯಿಂದ (ಅದಕ್ಕೂ ನಟ್ ಅಂತ್ಲೇ ಹೆಸರು) ಹನ್ನೆರಡನೇ ಫ್ರೆಟ್ಟಿಗೆ ಅಳೆದೆ, 324 ಮಿಲಿಮೀಟರ್, ಅದರ ಇಮ್ಮಡಿ 648 ಸ್ಟ್ರಿಂಗಿನ ಉದ್ದ, ಕ್ಯಾಟಲಾಗಿನ ಲೆಕ್ಕಕ್ಕೆ ಸರಿ. ಇದನ್ನು ಬ್ರಿಡ್ಜಿನವರೆಗೆ ಅಳೀಬಾರದು ಯಾಕಂದ್ರೆ ಇಂಟೊನೇಶನ್‌ಗೆ ಬೇಕಾಗಿ, ಅಂದ್ರೆ ಪ್ರತಿ ಫ್ರೆಟ್ಟಲ್ಲೂ ಸ್ವರ ಸರಿ ಬರ್ಲಿಕ್ಕೆ, ಬ್ರಿಡ್ಜಿನಲ್ಲಿ ಸ್ಟ್ರಿಂಗ್ ಕೂರುವ ಸ್ಯಾಡಲ್ಲುಗಳನ್ನು ಹಿಂದೆ ಮುಂದೆ ಸರಿಸಿರ್ತಾರೆ.

ಇನ್ನು ಮಲ್ಟಿಮೀಟರ್. ಇದಕ್ಕೆ ಗಿಟಾರ್ ಬಿಚ್ಚಬೇಕು ಅಂತ ಹೆಚ್ಚಿನವರು ತಿಳ್ಕೊಂಡಿದ್ದಾರೆ, ಬೇಡ. ಕೇಬಲಿನ ಒಂದು ತುದಿ ಗಿಟಾರಿಗೆ ಹಾಕಿ, ವಾಲ್ಯೂಮ್ ಪೂರ್ತಿ ಇಟ್ಟು, ಇನ್ನೊಂದು ತುದಿಯ ಪಿನ್ನಿನ ಮೂತಿಗೆ ಮೀಟರಿನ ಒಂದು ವಯರು, ಬುಡಕ್ಕೆ ಇನ್ನೊಂದು ವಯರು ಹಿಡಿದ್ರೆ ಪಿಕಪ್ಪಿನ ರೆಸಿಸ್ಟೆನ್ಸ್ ಬರ್ತದೆ. ಇಂಥ ಸಿಂಗಲ್ ಕಾಯಿಲ್ ಪಿಕಪ್ಪಿಗೆ 6 ಕಿಲೋ ಓಮ್ ಆಸುಪಾಸು ಇರಬೇಕು. ಒಂದು ವಿಷಯ, ನೆಟ್ಟಲ್ಲಿ ಕಾಣುವ ಅಂಕೆಯನ್ನು ನಮ್ಮ ಮೇ ತಿಂಗಳ ಮಧ್ಯಾಹ್ನಕ್ಕೆ ನೇರ ಹೋಲಿಸ್ಲಿಕ್ಕೆ ಹೋಗ್ಬೇಡಿ, ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಶೇಕಡಾ 0.4ರಷ್ಟು ಏರ್ತದೆ, 20 ಡಿಗ್ರಿಯಲ್ಲಿ 6 ಕಿಲೋ ತೋರಿಸುವ ಪಿಕಪ್ಪು 34 ಡಿಗ್ರಿಯಲ್ಲಿ 6.3 ತೋರಿಸ್ತದೆ. ಅದನ್ನು ನೋಡಿ ಯಾರೋ ಪಿಕಪ್ ಬದಲಾಯಿಸಿದ್ದಾರೆ ಅಂತ ಗಲಾಟೆ ಮಾಡಿದವರನ್ನು ನಾನು ನೋಡಿದ್ದೇನೆ.

ಬ್ರಿಡ್ಜ್ ಪಿಕಪ್ 6.3. ನೆಕ್ ಪಿಕಪ್ 6.2. ನಡುವಿನದ್ದಕ್ಕೆ ಸ್ವಿಚ್ ಹಾಕಿದೆ, 240 ಕಿಲೋ! ಇದು ಪಿಕಪ್ಪೇ ಅಲ್ಲ, ಪಿಕಪ್ ಕಡಿದು ಹೋಗಿ ಮೀಟರು ವಾಲ್ಯೂಮ್ ಪಾಟನ್ನು (ವಾಲ್ಯೂಮ್ ತಿರುಗಿಸುವ ಗುಂಡಿಯ ರೆಸಿಸ್ಟರ್) ಮಾತ್ರ ಓದ್ತಾ ಉಂಟು. ಖಾತ್ರಿ ಮಾಡ್ಲಿಕ್ಕೆ ಸ್ವಿಚ್ಚಿನ ಎರಡನೇ ಜಾಗಕ್ಕೆ ಹಾಕಿದೆ, ಅಲ್ಲಿ ಬ್ರಿಡ್ಜಿನದ್ದು ನಡುವಿನದ್ದು ಎರಡೂ ಪಿಕಪ್ ಒಟ್ಟಿಗೆ ಬರ್ತದೆ, ಅಂದ್ರೆ ಓದು ಅರ್ಧ ಆಗಿ 3ರ ಹತ್ರ ಇಳೀಬೇಕು. ಇಳಿಯಲಿಲ್ಲ, ಅದೇ 6.3. ಆಂಪ್ ಹಾಕಿ ಬಾರಿಸಿದ್ರೆ ಎರಡನೇ ಜಾಗದಲ್ಲಿ ಸೌಂಡ್ ಬರ್ತದೆ, ಹಾಗಾಗಿ ಎಲ್ಲ ಸರಿ ಉಂಟು ಅಂತ್ಲೇ ಅನಿಸ್ತದೆ, ಹುಡುಗನಿಗೂ ಹಾಗೇ ಅನಿಸಿದ್ದು. ಮೋಸ ಮಾಡ್ಲಿಕ್ಕೆ ಹೇಳಿದ್ದಲ್ಲ ಪಾಪ.

ಆಮೇಲೆ ನೆಕ್ ಬಿಚ್ಚಬೇಕು ಅಂದೆ. ಅವನ ಮುಖ ಬಾಡಿತು. ನಾನು ಕೇಳಿದೆ, ಅಡಿಕೆ ಅಂಗಡಿಯವ ಒಂದೆರಡು ಅಡಿಕೆ ಕತ್ತರಿಸಿ ಒಳಗೆ ನೋಡದೆ ರೇಟು ಹೇಳ್ತಾನಾ? ಅವನಿಗೂ ತೋಟ ಉಂಟು, ನಗಾಡಿ ಒಪ್ಪಿದ. ಸ್ಟ್ರಿಂಗ್ ಸಡಿಲ ಮಾಡಿ ಸ್ಕ್ರೂ ತೆಗೆದೆ. ಜಪಾನಿನ ಸ್ಕ್ರೂಗಳ ತಲೆ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂತ್ಕೊಳ್ಳುವುದಿಲ್ಲ, ಜಾರಿ ತಲೆ ತಿಂದು ಹೋಗ್ತದೆ, ಅದಕ್ಕೆ ಅವರದ್ದೇ ಅಳತೆಯದ್ದು ಬೇಕು, ಒತ್ತಿ ಹಿಡಿದು ತಿರುಗಿಸ್ಬೇಕು. ಈ ಸ್ಕ್ರೂಗಳ ತಲೆ ಆಗ್ಲೇ ಸ್ವಲ್ಪ ಸವೆದಿತ್ತು, ಅಂದ್ರೆ ನನಗಿಂತ ಮೊದಲು ಯಾರೋ ಬಿಚ್ಚಿದ್ದಾರೆ.

ಒಳಗೆ ಬಾಡಿಯ ಪೇಂಟು ಹೊರಗಿನ ಬಣ್ಣವೇ, ಮೇಲಿಂದ ಬೇರೆ ಪೇಂಟ್ ಹೊಡೆದ ಗುರುತು ಇಲ್ಲ, ಪ್ಲೇಟಿನ ಅಡಿಯಲ್ಲೂ ಅದರದ್ದೇ ಅಳತೆಯ ಅಚ್ಚು. ನೆಕ್ ಕೂರುವ ಗುಂಡಿಯಲ್ಲಿ, ಬ್ರಿಡ್ಜಿನ ಕಡೆಗೆ, ಮಡಚಿದ ಒಂದು ರಟ್ಟಿನ ತುಂಡು ಬಿತ್ತು. ಸಿಗರೇಟ್ ಪ್ಯಾಕಿನದ್ದು, ಅರಬಿ ಅಕ್ಷರ.

ಅಷ್ಟರಲ್ಲಿ ಅಂಕಲ್ ಎದ್ದು ಬಂದ್ರು. ಅದನ್ನು ತೆಗೀಬೇಡ ಮಗಾ, ಅದು ಇಲ್ಲದಿದ್ರೆ ಸ್ಟ್ರಿಂಗ್ ಎದ್ದು ನಿಲ್ತದೆ, ಬೆರಳು ಹರೀತದೆ ಅಂದ್ರು. ಸರಿಯೇ, ಹಿಂದೆ ಅಷ್ಟು ರಟ್ಟು (ಇದಕ್ಕೆ ಶಿಮ್ ಅಂತಾರೆ) ಇಟ್ರೆ ನೆಕ್ ಹಿಂದಕ್ಕೆ ವಾಲಿ ಸ್ಟ್ರಿಂಗು ಫ್ರೆಟ್ಟಿಗೆ ಹತ್ರ ಬರ್ತದೆ. ಇದು ಯಾರು ಇಟ್ಟದ್ದು ಅಂಕಲ್ ಅಂತ ಕೇಳಿದೆ. ನಾನೇ, ಬೆಹರೈನಲ್ಲಿ, ಒಂದು ಮದುವೆ ಪ್ರೋಗ್ರಾಮಿನ ಹಿಂದಿನ ದಿನ ಅಂದ್ರು. ಮತ್ತೆ 76 ಅಂತ ಬರೆದದ್ದು ಯಾಕೆ ಅಂದೆ. ಅವರು ಮಗನ ಮುಖ ನೋಡಿದ್ರು. 76ರಲ್ಲಿ ನಾನು ಬೆಹರೈನಿಗೆ ಹೋದದ್ದು, ಗಿಟಾರ್ ತಗೊಂಡದ್ದು 84ರ ನತಾಲಿಗೆ (ಕ್ರಿಸ್ಮಸ್ಸಿಗೆ), ಅಲ್ಲಿವರೆಗೆ ದುಡ್ಡು ಎಲ್ಲಿತ್ತು.

26,000ಕ್ಕೆ ಮುಗೀತು. 84ರ ಮಾತು ಎಚ್ 83ಕ್ಕೆ ಸರಿಯಾಗಿ ಕೂತದ್ದಕ್ಕೆ ನಾನು ಜಾಸ್ತಿ ಚೌಕಾಶಿ ಮಾಡ್ಲಿಲ್ಲ, ಸತ್ತ ಪಿಕಪ್ಪಿನ ಲೆಕ್ಕ ಮಾತ್ರ ಕಳೆದದ್ದು. ಮನೆಗೆ ಬಂದು ಬಿಚ್ಚಿದ್ರೆ ಕಾಯಿಲಿನ ವಯರು ಹೊರಗೆ ಬರುವ ತುದಿಯಲ್ಲೇ ತುಂಡಾಗಿತ್ತು, ಉಪ್ಪುಗಾಳಿಗೆ ಹಸಿರು ಹಿಡಿದು. ತಲೆಕೂದಲಿನಷ್ಟು ಸಪೂರದ ವಯರು, ಮೂರು ಸಲ ಕೈ ನಡುಗಿ ನಾಲ್ಕನೇ ಸಲ ಸೋಲ್ಡರ್ ನಿಂತಿತು. ಈಗ ನಡುವಿನದ್ದು 6.2, ಎರಡನೇ ಜಾಗದಲ್ಲಿ 3.1. ಟೋನ್ ಪಾಟು ಮಾತ್ರ ಈಗ್ಲೂ ಕರಕರ ಅನ್ತದೆ, ಅದಕ್ಕೆ ಇನ್ನೂ ಕೈ ಹಾಕ್ಲಿಲ್ಲ. ರಟ್ಟಿನ ತುಂಡನ್ನು ಇದ್ದ ಜಾಗದಲ್ಲೇ ಇಟ್ಟು ನೆಕ್ ಬಿಗಿದೆ. ಕ್ಯಾಟಲಾಗ್ ನೋಡಿ ಬರೆದ ಪುಸ್ತಕದಲ್ಲಿ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ, ಶಿಮ್: ಸಿಗರೇಟ್ ಪ್ಯಾಕ್, ಬೆಹರೈನ್.