ಹುಲ್ಲಿನ ಕೆಳಗೆಲ್ಲ ಬರೀ ಮರಳು

ಅಮೆರಿಕದ ನೆಬ್ರಾಸ್ಕಾ ರಾಜ್ಯ ಅಂದ್ರೆ ಜೋಳದ ಹೊಲ, ಚಪ್ಪಟೆ ನೆಲ, ಮಹಾ ಬೋರು ಅಂತ ಇಲ್ಲಿರೋ ನಮ್ ಕನ್ನಡದವ್ರೂ ಹೇಳ್ತಾರೆ, ಯಾಕಂದ್ರೆ ಎಲ್ರೂ ಓಡಾಡೋದು ಐ-80 ಹೆದ್ದಾರಿ ಮೇಲೇನೇ. ಗ್ರ್ಯಾಂಡ್ ಐಲ್ಯಾಂಡ್‌ನಿಂದ ಹೈವೇ 2 ಹಿಡಿದು ವಾಯವ್ಯಕ್ಕೆ ಹೋಗಿ, ಬ್ರೋಕನ್ ಬೋ ಅನ್ನೋ ಊರು ದಾಟಿದ ಮೇಲೆ ಹೊಲ ಎಲ್ಲ ಮುಗಿದು ಬರೀ ಹುಲ್ಲು ದಿಬ್ಬಗಳು ಶುರುವಾಗ್ತವೆ, ಮುಗಿಯೋದೇ ಇಲ್ಲ. ಇದೇ ಸ್ಯಾಂಡ್‌ಹಿಲ್ಸ್. ಸುಮಾರು 50 ಸಾವಿರ ಚದರ ಕಿಲೋಮೀಟರ್, ಕೆಲವು ದಿಬ್ಬ 120 ಮೀಟರ್ ಎತ್ತರ. ಹುಲ್ಲು ಕಿತ್ತು ಒಂದು ಗೇಣು ಕೆದಕಿದ್ರೆ ಶುದ್ಧ ಮರಳು!

ಮರಳಾದ್ರೂ ಮರುಭೂಮಿ ಅಲ್ಲ ಮಾರಾಯ್ರೇ. ಬಿದ್ದ ಮಳೆ ಹರಿದು ಹೋಗಲ್ಲ, ಸೀದಾ ಕೆಳಗಿಳಿದು ಓಗಲಾಲ ಅಂತರ್ಜಲಕ್ಕೆ ಸೇರುತ್ತೆ, ತಗ್ಗಿರೋ ಕಡೆ ಅದೇ ನೀರು ಕೆರೆಯಾಗಿ ಮೇಲೆ ಕಾಣುತ್ತೆ, ಲೂಪ್, ಡಿಸ್ಮಲ್ ನದಿಗಳು ಬೇಸಿಗೇಲೂ ಬತ್ತದೇ ಇರೋದು ಅದ್ರಿಂದಲೇ.

1904ರಲ್ಲಿ ಕಿಂಕೇಡ್ ಕಾಯ್ದೆ ತಂದು ಒಬ್ಬೊಬ್ಬರಿಗೆ 640 ಎಕರೆ ಕೊಟ್ರು, ಬಂದವ್ರು ನೇಗಿಲು ಹೂಡಿದ್ರು, ಹುಲ್ಲಿನ ಬೇರು ಕಿತ್ತ ಕೂಡ್ಲೇ ಮರಳು ಗಾಳಿಗೆ ಏಳೋಕೆ ಶುರು, ಎಷ್ಟೋ ಜನ ದನ ಸಾಕೋ ದೊಡ್ಡ ರಾಂಚ್‌ನವ್ರಿಗೆ ಜಮೀನು ಮಾರಿ ಹೊರಟೇ ಹೋದ್ರು. ಈಗ್ಲೂ ಅಲ್ಲಿ ದನಗಳದ್ದೇ ರಾಜ್ಯ, ಚೆರ್ರಿ ಕೌಂಟಿ ಒಂದೇ ಮೂರು ಕೊಡಗಿಗಿಂತ ದೊಡ್ಡದು, ಜನ ಮಾತ್ರ ಐದೂವರೆ ಸಾವಿರದ ಆಸುಪಾಸು.

ಒಂದೇ ಕಡೆ ದನ ಜಾಸ್ತಿ ಮೇಯ್ದು, ತುಳಿದು ಹುಲ್ಲು ಹೋದ್ರೆ ಗಾಳಿ ಅಲ್ಲೊಂದು ಹೊಂಡ ಕೊರೆಯುತ್ತೆ, ಬ್ಲೋಔಟ್ ಅಂತಾರೆ, ಬಿಟ್ರೆ ದೊಡ್ಡದಾಗ್ತಾ ಹೋಗುತ್ತೆ. ಅದಕ್ಕೇ ದನಗಳನ್ನ ಒಂದು ಬೇಲಿಯಿಂದ ಇನ್ನೊಂದಕ್ಕೆ ಬದಲಾಯಿಸ್ತಾ ಇರ್ತಾರೆ, ಹೊಂಡಕ್ಕೆ ಹಳೇ ಟೈರು, ಒಣಹುಲ್ಲು ತುಂಬ್ತಾರೆ. ನೋಡೋಕೆ ಕಸ ಸುರಿದಂಗೇ ಇರುತ್ತೆ, ಆದ್ರೆ ಮರಳು ನಿಲ್ಲುತ್ತೆ.

ತಮಾಷೆ ಏನಂದ್ರೆ ಬ್ಲೋಔಟ್ ಪೆನ್‌ಸ್ಟೆಮನ್ ಅಂತ ನೇರಳೆ ಹೂವಿನ ಗಿಡ ಒಂದಿದೆ, ಅದು ಬೆಳೆಯೋದು ಇಂಥ ಬೋಳು ಮರಳಲ್ಲೇ. ರಾಂಚ್‌ನವ್ರು ಹೊಂಡ ಮುಚ್ಚಿ ಮುಚ್ಚಿ ಅದಕ್ಕೆ ಜಾಗವೇ ಇಲ್ಲದಂಗಾಗಿ, 1987ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರ್ತು. ಆಮೇಲೆ ಸಸಿ ಬೆಳೆಸಿ, ಉಳಿದಿರೋ ಹೊಂಡ ಹುಡುಕಿ ನೆಟ್ಟಿದ್ದಾರೆ. ಮುಚ್ಚೋರದ್ದೂ ಸರಿ, ನೆಡೋರದ್ದೂ ಸರಿ, ನಾನಂತೂ ಜಗಳಕ್ಕೆ ಬರಲ್ಲ. ಹೂವು ನೋಡ್ಬೇಕಂದ್ರೆ ಜೂನ್‌ನಲ್ಲಿ ಹೋಗಿ, ಪೆಟ್ರೋಲ್ ಬ್ರೋಕನ್ ಬೋನಲ್ಲೇ ಫುಲ್ ಮಾಡಿಸ್ಕೊಳ್ಳಿ.